ಸಲಿಂಗಕಾಮ ಪಾಪ ಅನ್ನುವವರೂ ಜೈಲು ಬೇಡ ಅಂದಿದ್ದಾರೆ

ಪಾದ್ರಿಯಾಗಲು ಓದುತ್ತಿರುವವರಿಗೆ ನಾನು ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಚರಿತ್ರೆ ಕಲಿಸುತ್ತೇನೆ. ಉಗಾಂಡದ ಸಲಿಂಗಕಾಮ ವಿರೋಧಿ ಕಾನೂನಿನ ವಿಷಯ ಬಂದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಸಲಿಂಗಕಾಮ ಪಾಪ ಅಂತ ನಾವೇ ಬೋಧಿಸ್ತೀವಿ. ಸರ್ಕಾರ ಶಿಕ್ಷೆ ಕೊಟ್ಟರೆ ನಾವ್ಯಾಕೆ ಬೇಡ ಅನ್ನಬೇಕು?"

ಶಿಕ್ಷೆ ಎಂಥದ್ದು ಅಂತ ಮೊದಲು ನೋಡೋಣ. 2023ರ ಮೇ ತಿಂಗಳಲ್ಲಿ ಅಧ್ಯಕ್ಷ ಮುಸೆವೆನಿ ಸಹಿ ಹಾಕಿದ ಕಾನೂನಿನಲ್ಲಿ ಸಲಿಂಗ ಸಂಬಂಧಕ್ಕೆ ಜೀವಾವಧಿ ಜೈಲು ಇದೆ. ಕೆಲವು ಪ್ರಕರಣಗಳಿಗೆ ಮರಣದಂಡನೆ. 'ಪ್ರಚಾರ' ಮಾಡಿದವರಿಗೆ 20 ವರ್ಷದವರೆಗೆ. ಅಲ್ಲಿನ ಆಂಗ್ಲಿಕನ್ ಸಭೆಯ (ಇಂಗ್ಲೆಂಡಿನ ಚರ್ಚಿನಿಂದ ಬೆಳೆದ ಸಭೆ) ಮುಖ್ಯಸ್ಥ, ಆರ್ಚ್‌ಬಿಷಪ್ ಸ್ಟೀಫನ್ ಕಾಜಿಂಬ ಇದನ್ನು ಸ್ವಾಗತಿಸಿದರು. ಮರಣದಂಡನೆ ಮಾತ್ರ ಬೇಡ, ಅದರ ಬದಲು ಜೀವಾವಧಿ ಇರಲಿ ಅಂದರು. ಕರುಣೆಗೆ ಇಷ್ಟೇ ಜಾಗ!

ಉಗಾಂಡದವರಿಗೆ ಈ ವಿಷಯದಲ್ಲಿ ಹಳೆಯ ನೋವೊಂದಿದೆ, ಅದನ್ನು ಮರೆಯಬಾರದು. 1886ರಲ್ಲಿ ಅಲ್ಲಿನ ಬುಗಾಂಡ ರಾಜ್ಯದ ರಾಜ ಮ್ವಾಂಗ ತನ್ನ ಅರಮನೆಯ ಕ್ರೈಸ್ತ ಹುಡುಗರನ್ನು ನಮುಗೊಂಗೊದಲ್ಲಿ ಸುಡಿಸಿದ. ಅವರು ರಾಜನ ಕಾಮಕ್ಕೆ ಒಪ್ಪಲಿಲ್ಲ ಅನ್ನುವುದು ಅಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ. ಪ್ರತಿ ಜೂನ್ 3ಕ್ಕೆ ಆ ಹುತಾತ್ಮರ ಹಬ್ಬ. ಆದರೆ ಅದು ಅಧಿಕಾರದಲ್ಲಿದ್ದವನು ಕೈಕೆಳಗಿನ ಹುಡುಗರ ಮೇಲೆ ನಡೆಸಿದ ದಬ್ಬಾಳಿಕೆ. ಒಪ್ಪಿ ಜೊತೆಗಿರುವ ಇಬ್ಬರು ವಯಸ್ಕರನ್ನು ಜೈಲಿಗೆ ಹಾಕಲು ಅದು ಹೇಗೆ ಕಾರಣವಾಗುತ್ತದೆ?

ಪಾಪ ಅನ್ನುತ್ತಲೇ ಜೈಲು ಬೇಡ ಅಂದವರು ಬೇಕಾದಷ್ಟಿದ್ದಾರೆ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಹಿರಿಯ ಬಿಷಪ್, ಆಗಿನ ಕ್ಯಾಂಟರ್‌ಬರಿ ಆರ್ಚ್‌ಬಿಷಪ್ ಮೈಕೆಲ್ ರಾಮ್ಸೆ ಅಂಥವರು. 1965ರಲ್ಲಿ ಬ್ರಿಟನ್ನಿನ ಮೇಲ್ಮನೆಯಲ್ಲಿ ಕಾನೂನು ಸಡಿಲಿಸುವ ಪರ ಮಾತಾಡಿದರು. 1967ರಲ್ಲಿ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಕಾನೂನು ಬದಲಾಯಿತು. 2023ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕೂಡ ಇದು ಅಪರಾಧವಲ್ಲ ಅಂದರು. ಅವರ ಸಭೆಯ ಬೋಧನೆ ಒಂದಿಷ್ಟೂ ಬದಲಾಗಲಿಲ್ಲ.

ಅದೇ ವರ್ಷದ ಜೂನ್‌ನಲ್ಲಿ ಆಗಿನ ಕ್ಯಾಂಟರ್‌ಬರಿ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ, ಇಂಥ ಕಾನೂನನ್ನು ಯಾವ ಆಂಗ್ಲಿಕನ್ ಸಭೆಯೂ ಬೆಂಬಲಿಸಬಾರದು ಅಂತ ಕಾಜಿಂಬ ಅವರಿಗೆ ಬರೆದರು. ಬಿಳಿಯರು ಆಫ್ರಿಕಕ್ಕೆ ಪಾಠ ಹೇಳುವುದು ಬೇಡ ಅನ್ನುವ ಸಿಟ್ಟು ಇಂಥ ಕಡೆ ಸಹಜ. ಆದರೆ ಉಗಾಂಡದ ಹಳೆಯ ದಂಡಸಂಹಿತೆಯಲ್ಲಿ ಈ ಅಪರಾಧವನ್ನು ಬರೆದವರೇ ಬ್ರಿಟಿಷರು, ಅಲ್ವಾ? ಇದನ್ನು ವಿರೋಧಿಸಿದವರೆಲ್ಲ ಹೊರಗಿನವರೂ ಅಲ್ಲ. ಪಶ್ಚಿಮ ಬುಗಾಂಡದ ನಿವೃತ್ತ ಬಿಷಪ್ ಕ್ರಿಸ್ಟೋಫರ್ ಸೆನ್ಯೊಂಜೊ ಸಲಿಂಗಿಗಳ ಕಷ್ಟ ಕೇಳಲು ಕೂತರು. ಸಭೆ ಅವರನ್ನೇ ದೂರ ಇಟ್ಟಿತು.

ನನ್ನ ವಿದ್ಯಾರ್ಥಿಗಳಿಗೆ ಇನ್ನೊಂದು ವಿಷಯ ಹೆಚ್ಚು ನಾಟುತ್ತದೆ. ಆ ಕಾನೂನಿನಲ್ಲಿ, ಗೊತ್ತಾದದ್ದನ್ನು ಪೊಲೀಸರಿಗೆ ತಿಳಿಸಬೇಕು ಅನ್ನುವ ಕಲಂ ಕೂಡ ಇತ್ತು. 2024ರ ಏಪ್ರಿಲ್‌ನಲ್ಲಿ ಸಾಂವಿಧಾನಿಕ ಕೋರ್ಟು ಅದನ್ನು ತೆಗೆದುಹಾಕಿತು, ಕಾನೂನಿನ ಬಹುಭಾಗವನ್ನು ಉಳಿಸಿಕೊಂಡಿತು. ಮನಸ್ಸು ಬಿಚ್ಚಲು ಬಂದವನು ತನ್ನ ಪಾದ್ರಿ ಯಾರ ಕಡೆ ಅಂತ ಯೋಚಿಸಬೇಕಾದರೆ ಅವನು ಬರುವುದೇ ಇಲ್ಲ.

ನಮ್ಮ ದೇಶವೂ ಇದರಿಂದ ಹೊರಗಿಲ್ಲ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮನ್ನು ದೆಹಲಿ ಹೈಕೋರ್ಟು 2009ರಲ್ಲಿ ಸಡಿಲಿಸಿದಾಗ, ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಕ್ರೈಸ್ತ ಸಂಘಟನೆಗಳೂ ಇದ್ದವು. 2013ರಲ್ಲಿ ಕಲಂ ಮರಳಿ ಬಂತು. ಆಗ ಮುಂಬೈಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್, ಕ್ಯಾಥೊಲಿಕ್ ಸಭೆ ಸಲಿಂಗಿಗಳನ್ನು ಅಪರಾಧಿಗಳೆಂದು ಯಾವತ್ತೂ ಎಣಿಸಿಲ್ಲ ಅಂದರು. 2018ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿ ಜೊತೆಗಿರುವ ವಯಸ್ಕರನ್ನು ಆ ಕಲಂನಿಂದ ಬಿಡಿಸಿತು. ನಮ್ಮ ಎಷ್ಟೋ ಸಭೆಗಳಲ್ಲಿ ಈ ಮಾತನ್ನು ಇವತ್ತಿಗೂ ಎತ್ತಿಲ್ಲ.