ಬಾಡಿದ ಜೋಳ, ಎರಡು ನಂಜು: ನಾನು ಎಡವಿದ ಜಾಗ

ಮಳೆ ಕೈಕೊಟ್ಟ ಹೊಲದಲ್ಲಿ ಕಾಳು ಸಿಗದಿದ್ದರೂ ಮೇವಾದರೂ ಸಿಗುತ್ತದೆ. ಇದು ಎಲ್ಲರಿಗೂ ಗೊತ್ತು, ಮುಂದಕ್ಕೆ ಹೋಗೋಣ.

ಹೋದ ವಾರ ನವಲಗುಂದದ ಕಡೆ ಒಂದು ಹೊಲ ನೋಡಲು ಹೋಗಿದ್ದೆವು. ಎರೆ ಭೂಮಿ ಬಿರುಕು ಬಿಟ್ಟಿತ್ತು. ಜೋಳ ಮೊಣಕಾಲುದ್ದಕ್ಕೆ ನಿಂತು ಎಲೆ ಸುರುಳಿ ಸುತ್ತಿಕೊಂಡಿತ್ತು. "ತಮ್ಮಾ, ಇದನ್ನ ಕೊಯ್ದು ಎತ್ತಿಗೆ ಹಾಕಬಹುದೇನು?" ಎಂದು ರೈತರು ಕೇಳಿದರು. "ಒಣಗಿಸಿ ಹಾಕ್ರಿ ಕಾಕಾ, ಏನೂ ಆಗೂದಿಲ್ಲ" ಅಂದುಬಿಟ್ಟೆ. ಪಕ್ಕದಲ್ಲಿದ್ದ ಸರ್ ಕೇಳಿದ್ದು ಇಷ್ಟೇ: "ಯಾವ ನಂಜು ಹೋಗಲಿ ಅಂತ ಒಣಗಿಸೂದು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ನಂಜು ಎರಡಿವೆ. ಒಂದು ಎಚ್‌ಸಿಎನ್, ಅಂದರೆ ಹೈಡ್ರೋಜನ್ ಸಯನೈಡ್. ಜೋಳದಲ್ಲಿ ಧುರಿನ್ ಅನ್ನುವ ವಸ್ತು ಇರುತ್ತದೆ. ದನ ಎಲೆ ಅಗಿದಾಗ ಅದು ಒಡೆದು ಎಚ್‌ಸಿಎನ್ ಬರುತ್ತದೆ. ಎಳೆ ಬೆಳೆ, ಬರಕ್ಕೆ ಕುಗ್ಗಿದ ಬೆಳೆ, ಕೂಳೆ ಚಿಗುರು, ಈ ಮೂರರಲ್ಲಿ ಜಾಸ್ತಿ. ಬಲಿತು ಒಣಗಿದ ಕಣಕಿಗೆ (ಜೋಳದ ಒಣ ದಂಟಿಗೆ) ಈ ಭಯವಿಲ್ಲ. ಇನ್ನೊಂದು ನೈಟ್ರೇಟ್. ಗಿಡ ಯೂರಿಯಾದಿಂದ ಬಂದ ನೈಟ್ರೇಟ್ ಹೀರಿಕೊಳ್ಳುತ್ತದೆ, ಬರದಲ್ಲಿ ಅದನ್ನು ಪ್ರೋಟೀನ್ ಮಾಡಲು ಆಗದೆ ಕಾಂಡದ ಬುಡದಲ್ಲಿ ಕೂಡಿಡುತ್ತದೆ. ಹಾವೇರಿ ಕಡೆಯವರು ಗಮನಿಸಿ, ಗೋವಿನಜೋಳದಲ್ಲೂ (ಮೆಕ್ಕೆಜೋಳ) ಇದು ಆಗುತ್ತದೆ.

ನಾನು ಎಡವಿದ್ದು ಇಲ್ಲಿ. ಎಚ್‌ಸಿಎನ್ ಆವಿಯಾಗುವ ವಸ್ತು. ಮೇವು ಚೆನ್ನಾಗಿ ಒಣಗಿದರೆ ಬಹುಪಾಲು ಹೋಗಿಬಿಡುತ್ತದೆ. ನೈಟ್ರೇಟ್ ಉಪ್ಪಿನ ಜಾತಿ. ಉಪ್ಪುನೀರನ್ನು ಒಲೆ ಮೇಲಿಟ್ಟು ಬತ್ತಿಸಿದರೆ ನೀರು ಹೋಗುತ್ತದೆ, ಉಪ್ಪು ತಳದಲ್ಲಿ ಉಳಿಯುತ್ತದೆ, ಅಲ್ವಾ? ಇದೂ ಹಾಗೇ. ವರ್ಷವಿಡೀ ಬಣವಿಯಲ್ಲಿಟ್ಟರೂ ಇದ್ದಲ್ಲೇ ಇರುತ್ತದೆ. ರಸಮೇವು (ಗಾಳಿಯಾಡದಂತೆ ಒತ್ತಿ ಹುಳಿ ಬರಿಸಿದ ಹಸಿ ಮೇವು, ಸೈಲೇಜ್) ಮಾಡಿದರೆ ಮಾತ್ರ ಹುಳಿ ಬರುವಾಗ ಒಂದಷ್ಟು ಕಡಿಮೆಯಾಗುತ್ತದೆ, ಪೂರ್ತಿ ಅಲ್ಲ.

ನೆನಪಿಗೆ ನಾನು ಮಾಡಿಕೊಂಡ ಗುರುತು: ಕೆಂಪಿಗೆ ಕೆಂಪು, ನೀಲಿಗೆ ನೀಲಿ. ಎಚ್‌ಸಿಎನ್ ಇದ್ದರೆ ಪರೀಕ್ಷೆಗೆ ಬಳಸುವ ಹಳದಿ ಪಿಕ್ರೇಟ್ ಕಾಗದ ಇಟ್ಟಿಗೆ ಕೆಂಪಾಗುತ್ತದೆ, ದನದ ರಕ್ತವೂ ಕಡುಗೆಂಪು. ರಕ್ತದಲ್ಲಿ ಆಮ್ಲಜನಕ ಇದೆ, ಜೀವಕೋಶಕ್ಕೆ ಬಳಸಲು ಆಗುತ್ತಿಲ್ಲ, ಅದಕ್ಕೇ. ನೈಟ್ರೇಟ್ ಇದ್ದರೆ ಡೈಫಿನೈಲಮೀನ್ ಅನ್ನುವ ಪರೀಕ್ಷಾ ದ್ರಾವಣದ ಹನಿ ಬಿದ್ದ ಕಾಂಡ ನೀಲಿಯಾಗುತ್ತದೆ, ಮದ್ದೂ ಮೆಥಿಲೀನ್ ಬ್ಲೂ. ರಕ್ತ ಮಾತ್ರ ಚಾಕೊಲೇಟ್ ಬಣ್ಣ. ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ, ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದ ಮೆಟ್‌ಹಿಮೋಗ್ಲೋಬಿನ್ ಆಗುತ್ತದೆ.

ತಮಾಷೆ ನೋಡಿ, ಎಚ್‌ಸಿಎನ್‌ಗೆ ಪಶುವೈದ್ಯರು ಕೊಡುವುದು ಸೋಡಿಯಂ ನೈಟ್ರೈಟ್, ಜೊತೆಗೆ ಥಯೋಸಲ್ಫೇಟ್. ಬೇಕಂತಲೇ ಸ್ವಲ್ಪ ಮೆಟ್‌ಹಿಮೋಗ್ಲೋಬಿನ್ ಮಾಡಿಸಿ ಅದರಿಂದ ಸಯನೈಡ್ ಹಿಡಿಸುತ್ತಾರೆ. ಒಂದರ ನಂಜು ಇನ್ನೊಂದಕ್ಕೆ ಮದ್ದು! ಗುರುತು ತಪ್ಪಿ ಅದನ್ನೇ ನೈಟ್ರೇಟ್ ತಿಂದ ದನಕ್ಕೆ ಕೊಟ್ಟರೆ ಸುಮ್ನೆ ಕೊಂದಹಾಗೆ.

ಆ ದಿನ ಹೊಲದಲ್ಲಿ ಸರ್ ಒಂದು ಕಾಂಡ ಸೀಳಿ ಬುಡಕ್ಕೂ ತುದಿಗೂ ಡೈಫಿನೈಲಮೀನ್ ಒಂದೊಂದು ಹನಿ ಬಿಟ್ಟರು. ಬುಡ ನೋಡನೋಡುತ್ತಲೇ ಗಾಢ ನೀಲಿಯಾಯಿತು. ತುದಿ ಹಾಗೇ ಇತ್ತು. "ಒಂದು ಗೇಣು ಬಿಟ್ಟು ಮ್ಯಾಲೆ ಕೊಯ್ರಿ. ಚಲೋತ್ನಾಗಿ ಒಣಗಿಸ್ರಿ. ಹಳೇ ಕಣಕಿ ಕೂಡ ಸ್ವಲ್ಪ ಸ್ವಲ್ಪ ಬೆರೆಸಿ ಹಾಕ್ರಿ. ಹಸಿದ ಎತ್ತಿಗೆ ಬರೇ ಇದನ್ನ ಹಾಕಬ್ಯಾಡ್ರಿ" ಅಂದರು.

"ಉಳಿದ ಬುಡ ಏನ್ ಮಾಡೂದ್ರಿ?"

"ಕಿತ್ತು ಹಾಕ್ರಿ. ಹಂಗ ಬಿಟ್ಟರ ಮಳಿ ಬಿದ್ದಮ್ಯಾಲೆ ಕೂಳೆ ಚಿಗುರತೈತಿ, ದನ ಅದಕ್ಕ ಬಾಯಿ ಹಾಕ್ತಾವು."