ಕೈಗಡಿಯಾರದಲ್ಲಿ ಟಿವಿ, ಜೇಬಿನಲ್ಲಿ ವೈರು

ವಾಚಿನಲ್ಲಿ ವಿಡಿಯೋ ನೋಡುವ ಆಸೆ ಸ್ಮಾರ್ಟ್‌ವಾಚ್ ಬಂದ ಮೇಲೆ ಹುಟ್ಟಿದ್ದಲ್ಲ. ಜಪಾನಿನ ಸೈಕೋ ಕಂಪನಿ 1982ರಲ್ಲೇ ಟಿವಿ ಕಾಣುವ ವಾಚನ್ನು ಅಂಗಡಿಗೆ ತಂದಿತ್ತು. ಬೆಂಗಳೂರಿಗೆ ದೂರದರ್ಶನ ಬಂದು ಆಗಿನ್ನೂ ಒಂದು ವರ್ಷ. ಟಿವಿ ಇದ್ದ ಮನೆಯಲ್ಲಿ ಅಕ್ಕಪಕ್ಕದವರೆಲ್ಲ ಬಂದು ಕೂರುತ್ತಿದ್ದ ಕಾಲ ಅದು.

ಆ ವಾಚಿನ ಟಿವಿ ಪರದೆ 1.2 ಇಂಚು. ಮೂಲೆಯಿಂದ ಮೂಲೆಗೆ ಅಳೆದರೆ ಹತ್ತು ರೂಪಾಯಿ ನಾಣ್ಯದ ಅಗಲಕ್ಕಿಂತ ಚೂರು ಜಾಸ್ತಿ, ಅಷ್ಟೇ. ಪರದೆಯ ಹಿಂದೆ ದೀಪ ಇರಲಿಲ್ಲ. ಹೊರಗಿನ ಬೆಳಕು ಬಿದ್ದರೆ ಮಾತ್ರ ಚಿತ್ರ ಕಾಣುತ್ತಿತ್ತು. ಮನೆ ಟಿವಿಗೆ ಬಿಸಿಲು ಬಿದ್ದರೆ ನಾವು ಕಿಟಕಿ ಮುಚ್ಚುತ್ತೇವೆ ಅಲ್ವಾ? ಇದನ್ನು ಬೆಳಕಿಗೇ ಹಿಡಿಯಬೇಕಿತ್ತು.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಅದರ ವೈರು. ಸಿಗ್ನಲ್ ಹಿಡಿಯುವ ಯಂತ್ರ, ಸೆಲ್ಲು ಯಾವುದೂ ವಾಚಿನೊಳಗೆ ಹಿಡಿಸಲಿಲ್ಲ. ಅದಕ್ಕೇ ವಾಕ್‌ಮನ್‌ನಷ್ಟು ದೊಡ್ಡ ಡಬ್ಬಿಯೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕಿತ್ತು. ವಾಚಿನಿಂದ ಆ ಡಬ್ಬಿಗೆ ಒಂದು ವೈರು, ಡಬ್ಬಿಯಿಂದ ಕಿವಿಗೆ ಇನ್ನೊಂದು. ಕಿವಿಗೆ ಹೋಗುವ ವೈರೇ ಆಂಟೆನಾ ಕೂಡ! ಜಪಾನಿನಲ್ಲಿ ಬೆಲೆ 1,08,000 ಯೆನ್.

ಇವತ್ತು ಅಂಥದ್ದೊಂದು ವಾಚು ಸಿಕ್ಕರೂ ಸುಮ್ನೆ ಆನ್ ಮಾಡಿ ಟಿವಿ ನೋಡಲು ಆಗುವುದಿಲ್ಲ. ಅಮೆರಿಕದಲ್ಲಿ 2009ರಲ್ಲಿ, ಜಪಾನಿನ ಬಹುಭಾಗದಲ್ಲಿ 2011ರಲ್ಲಿ ಹಳೇ ಅನಲಾಗ್ ಪ್ರಸಾರ ನಿಂತುಹೋಯಿತು. ವಾಚು ಕೆಟ್ಟಿರಲಿಕ್ಕಿಲ್ಲ, ಅದು ಹಿಡಿಯುವ ಸಿಗ್ನಲ್ಲೇ ಇಲ್ಲ.

2015ರಲ್ಲಿ ಆಪಲ್ ವಾಚ್ ಬಂತು. ಅದೇ ವರ್ಷದ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಆ್ಯಪ್‌ಗಳು ವಾಚಿನಲ್ಲೇ ಚಿಕ್ಕ ವಿಡಿಯೋ ತೋರಿಸತೊಡಗಿದವು. ಪರದೆ ಚೊಕ್ಕವಾಗಿತ್ತು, ವೈರು ಹೋಗಿತ್ತು. ಆದರೆ ಕೈ? ಟೈಮ್ ನೋಡುವ ಹಾಗೆ ಕೈ ಎತ್ತಿ ಹತ್ತು ನಿಮಿಷ ಹಿಡಿದು ನೋಡಿ, ಭುಜ ನೋಯಲು ಶುರುವಾಗುತ್ತದೆ. ಮಣಿಕಟ್ಟು ಇರುವುದು ಒಂದು ಕ್ಷಣ ಕಣ್ಣು ಹಾಯಿಸುವುದಕ್ಕೆ. ಅಲ್ಲಿ ಸಿನಿಮಾ ನೋಡುವ ಆಸೆ ಸೋತಿದ್ದು ಪರದೆ ಚಿಕ್ಕದು ಅಂತಲ್ಲ, ನಮ್ಮ ಮೈ ಒಪ್ಪಲಿಲ್ಲ ಅಂತ ನನಗನ್ನಿಸುತ್ತದೆ.

ಹಾಗಾಗಿ ಪರದೆ ಕಣ್ಣಿನ ಹತ್ತಿರ ಹೋಯಿತು. ಸೋನಿ 1996ರಲ್ಲೇ ಗ್ಲಾಸ್‌ಟ್ರಾನ್ ಎಂಬ ಕನ್ನಡಕದಂಥ ಸಾಧನ ತಂದಿತ್ತು. 2024ರಲ್ಲಿ ತಲೆಗೆ ಹಾಕಿಕೊಂಡು ನೋಡುವ ಆಪಲ್‌ನ ವಿಷನ್ ಪ್ರೊ ಬಂತು, ಬೆಲೆ 3,499 ಡಾಲರ್. ಮುಖದ ಮುಂದೆ ಥಿಯೇಟರಿನಷ್ಟು ದೊಡ್ಡ ಪರದೆ ಇದ್ದಂತೆ ಕಾಣುತ್ತದೆ, ಕೈ ನೋವಿಲ್ಲ. ಆದರೆ ಬ್ಯಾಟರಿಯ ಭಾರವನ್ನು ತಲೆ ಹೊರುವುದು ಕಷ್ಟ. ಹಾಗಾಗಿ ಅದನ್ನು ಬೇರೆ ಮಾಡಿ, ವೈರು ಎಳೆದು, ಮತ್ತೆ ಜೇಬಿಗೇ ಇಳಿಸಿದರು. ಮೊದಲು ಬಂದ ಮಾದರಿಯಲ್ಲಿ ಆ ಬ್ಯಾಟರಿ ವಿಡಿಯೋ ನೋಡಲು ಸುಮಾರು ಎರಡೂವರೆ ಗಂಟೆ ಬರುತ್ತದೆ. 1982ರ ಸೈಕೋ ಡಬ್ಬಿ ಎರಡು ಪೆನ್ಸಿಲ್ ಸೆಲ್ಲಿನಲ್ಲಿ ಸುಮಾರು ಐದು ಗಂಟೆ ಓಡುತ್ತಿತ್ತು.