ಮ್ಯಾಮೊಗ್ರಾಮ್ ಜೊತೆಗೆ ಎಂಆರ್‌ಐ: ಹಳೇ ಗಾಯ ಮತ್ತು ಹೊಸ ಗಡ್ಡೆಯ ಗೊಂದಲ

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರಿಗೆ ಸಾಮಾನ್ಯವಾಗಿ ವರ್ಷಕ್ಕೊಂದು ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಇರುತ್ತದೆ. ಕೆಲವರಿಗೆ ಅದರ ಜೊತೆ ಎಂಆರ್‌ಐ (ಕಾಂತಕ್ಷೇತ್ರದಿಂದ ತೆಗೆಯುವ ಚಿತ್ರ) ಕೂಡ ಬರೆದುಕೊಡುವುದೇಕೆ ಅನ್ನುವುದಷ್ಟೇ ಇಲ್ಲಿನ ವಿಷಯ. ಎಕ್ಸ್-ರೇ, ಕಾಂತಕ್ಷೇತ್ರಗಳ ಮೂಲಪಾಠ ಬಿಟ್ಟಿದ್ದೇನೆ.

ಮ್ಯಾಮೊಗ್ರಾಮ್‌ನಲ್ಲಿ ಕೊಬ್ಬು ಕಪ್ಪಗೆ, ಗ್ರಂಥಿಯ ಭಾಗ ಬೆಳ್ಳಗೆ, ಗಡ್ಡೆಯೂ ಬೆಳ್ಳಗೆ. ಗ್ರಂಥಿಯ ಭಾಗ ಹೆಚ್ಚಿರುವ ಸಾಂದ್ರ ಸ್ತನವಾದರೆ ಬಿಳಿಯೊಳಗೆ ಬಿಳಿ ಹುಡುಕಬೇಕು. ಆಪರೇಷನ್ ಗಾಯ ಮಾಗಿದ ಜಾಗವೂ ಬೆಳ್ಳಗೆ, ಸುತ್ತಲೂ ಎಳೆ ಎಳೆಯಾಗಿ ಚಾಚಿಕೊಂಡಿರುತ್ತದೆ. ಮರಳಿ ಬಂದ ಕ್ಯಾನ್ಸರ್ ಕೂಡ ಹೀಗೇ ಕಾಣಬಹುದು.

ನಾನು ಎಡವಿದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಎಂಆರ್‌ಐ ಅಂದರೆ ಇನ್ನೂ ಚೊಕ್ಕ ಫೋಟೊ ಅಂದುಕೊಂಡಿದ್ದೆ. ಹಾಗಿದ್ದರೆ ಗಾಯದ ಕಲೆ, ಗಡ್ಡೆ ಎರಡೂ ಅಲ್ಲೂ ಒಂದೇ ತರ ಕಾಣಬೇಕಲ್ಲ? ಎರಡು ದಿನ ತಲೆ ಕೆಡಿಸಿಕೊಂಡೆ. ಉತ್ತರ ಇದ್ದದ್ದು ಕಳೆಯುವ ಲೆಕ್ಕದಲ್ಲಿ.

ಬೋರಲು ಮಲಗಿಸಿ ಮೊದಲು ಒಂದು ಸುತ್ತು ಚಿತ್ರ ತೆಗೆಯುತ್ತಾರೆ. ಆಮೇಲೆ ಕೈಯ ರಕ್ತನಾಳಕ್ಕೆ ಗ್ಯಾಡೊಲಿನಿಯಂ ಎಂಬ ಲೋಹ ಇರುವ ಕಾಂಟ್ರಾಸ್ಟ್ (ತಾನು ಸೇರಿದ ಜಾಗವನ್ನು ಚಿತ್ರದಲ್ಲಿ ಹೊಳೆಯಿಸುವ ದ್ರವ) ಕೊಟ್ಟು, ಅದೇ ಚಿತ್ರವನ್ನು ಮತ್ತೆ ಮತ್ತೆ ತೆಗೆಯುತ್ತಾರೆ. ನಂತರದ್ದರಿಂದ ಮೊದಲಿನದ್ದನ್ನು ಕಳೆಯುತ್ತಾರೆ. ನಾನೇ ಹಾಕಿಕೊಂಡ ಅಂಕಿಗಳಲ್ಲಿ ನೋಡಿ: ಒಂದು ಚುಕ್ಕೆಯ ಹೊಳಪು, ಕೊಬ್ಬಿನಲ್ಲಿ ಮೊದಲು 90, ಆಮೇಲೆ 90, ಕಳೆದರೆ 0. ಹಳೇ ಕಲೆಯಲ್ಲಿ 20 ಇದ್ದದ್ದು 22, ಉಳಿದದ್ದು 2. ಗಡ್ಡೆಯಲ್ಲಿ 25 ಇದ್ದದ್ದು 75, ಉಳಿದದ್ದು 50. ಕಳೆದ ಚಿತ್ರದಲ್ಲಿ ಕೊಬ್ಬು ಮಾಯ, ಕಲೆ ಮಂಕು, ಗಡ್ಡೆ ಫಳ್ ಅಂತ ಎದ್ದು ಬರುತ್ತದೆ. ಅಂದರೆ ನಾವು ನೋಡುತ್ತಿರುವುದು ರಕ್ತದ ಓಡಾಟ. ಗಡ್ಡೆ ತನಗೆ ಬೇಕಾದ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತದೆ, ಅವು ಸೋರುತ್ತವೆ. ಹಾಗಾಗಿ ಕಾಂಟ್ರಾಸ್ಟ್ ಬೇಗ ತುಂಬುತ್ತದೆ, ಎಷ್ಟೋ ಸಲ ಬೇಗ ಖಾಲಿಯೂ ಆಗುತ್ತದೆ. ಹಳೇ ಕಲೆಯಲ್ಲಿ ರಕ್ತನಾಳವೇ ಕಡಿಮೆ.

‘ಹಳೇ’ ಅನ್ನುವ ಪದಕ್ಕೆ ಅಡಿಗೆರೆ ಎಳೆದುಕೊಳ್ಳಿ. ಗಾಯ ಮಾಗುವುದಕ್ಕೂ ರಕ್ತ ಬೇಕು, ಆದ್ದರಿಂದ ಆಪರೇಷನ್, ರೇಡಿಯೇಷನ್ ಆದ ಮೊದಲ ತಿಂಗಳುಗಳಲ್ಲಿ ಕಲೆಯೂ ಹೊಳೆಯುತ್ತದೆ. ಸತ್ತ ಕೊಬ್ಬಿನ ಗಂಟು ಕೂಡ ಕೆಲವೊಮ್ಮೆ ಮೋಸ ಮಾಡುತ್ತದೆ. ಇನ್ನೊಂದು ಕಿರಿಕಿರಿ: ಎರಡು ಸುತ್ತುಗಳ ನಡುವೆ ಮಲಗಿದವರು ಕೊಂಚ ಅಲುಗಾಡಿದರೂ ಕಳೆಯುವ ಲೆಕ್ಕ ತಪ್ಪಿ, ಅಂಚಿನಲ್ಲಿ ಸುಳ್ಳು ಬೆಳಕಿನ ಗೆರೆ ಮೂಡುತ್ತದೆ. ಹೊಳೆಯುವ ಗೆರೆ ಕಂಡರೆ ಕಳೆಯುವ ಮುಂಚಿನ ಮೂಲಚಿತ್ರಕ್ಕೆ ವಾಪಸ್ ಹೋಗಿ ನೋಡುವುದು ಈಗ ನನಗೆ ಅಭ್ಯಾಸ. ಮುಟ್ಟು ನಿಲ್ಲದವರಿಗೆ ಸಾಧ್ಯವಾದರೆ ಮುಟ್ಟು ಶುರುವಾದ 7ರಿಂದ 14ನೇ ದಿನದೊಳಗೆ ಮಾಡುತ್ತಾರೆ; ಆಗ ಮಾಮೂಲಿ ಗ್ರಂಥಿಯ ಹೊಳಪು ಕಡಿಮೆ.

ಹಾಗಾದರೆ ಮ್ಯಾಮೊಗ್ರಾಮ್ ಬಿಟ್ಟುಬಿಡಬಹುದೇ? ಇಲ್ಲ. ಸಾಸಿವೆಗಿಂತ ಸಣ್ಣ ಕ್ಯಾಲ್ಸಿಯಂ ಚುಕ್ಕೆಗಳು ಎಂಆರ್‌ಐಗೆ ಕಾಣುವುದಿಲ್ಲ. ಹಾಲಿನ ನಾಳದೊಳಗೇ ಇರುವ ಆರಂಭದ ಕ್ಯಾನ್ಸರ್ ಅನೇಕ ಸಲ ಆ ಚುಕ್ಕೆಗಳಿಂದಲೇ ಸಿಕ್ಕಿಬೀಳುತ್ತದೆ.

ಸುಳ್ಳು ಗಾಬರಿಯ ಲೆಕ್ಕ ಬೇರೆ ಇದೆ. ನೆದರ್‌ಲ್ಯಾಂಡ್ಸ್‌ನ ಡೆನ್ಸ್ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಸ್ತನ ತೀರಾ ಸಾಂದ್ರವಾಗಿದ್ದು ಮ್ಯಾಮೊಗ್ರಾಮ್ ಸರಿಯಿದ್ದವರಲ್ಲಿ, 1000 ಎಂಆರ್‌ಐಗೆ ಸುಮಾರು 16.5 ಕ್ಯಾನ್ಸರ್ ಸಿಕ್ಕವು, ಸುಮಾರು 80 ಸುಳ್ಳು ಎಚ್ಚರಿಕೆ ಬಂದವು. ಕೂಡಿಸಿದರೆ ಸುಮಾರು 96.5, ಅಂದರೆ ಮತ್ತೆ ಕರೆಸಿಕೊಂಡ ಆರು ಜನರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್. ಇವರು ಚಿಕಿತ್ಸೆ ಮುಗಿಸಿದವರಲ್ಲ, ಹಾಗಾಗಿ ಈ ಅಂಕಿಯನ್ನು ಪರೀಕ್ಷೆಯಲ್ಲಿ ಫಾಲೋ-ಅಪ್ (ಚಿಕಿತ್ಸೆಯ ನಂತರದ ತಪಾಸಣೆ) ಪ್ರಶ್ನೆಗೆ ಹಾಗೇ ಎತ್ತಿ ಬರೆಯಬೇಡಿ. ನಾನು ಬರೆದು ಅಂಕ ಕಳೆದುಕೊಂಡಿದ್ದೇನೆ.

ಫಾಲೋ-ಅಪ್‌ನಲ್ಲಿ ಯಾರಿಗೆ? ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2018ರಲ್ಲಿ ಹೇಳಿದ್ದು: ಕ್ಯಾನ್ಸರ್ ಬಂದು ಹೋಗಿದ್ದು ಸ್ತನ ಸಾಂದ್ರವಾಗಿರುವವರಿಗೆ, ಅಥವಾ 50 ತುಂಬುವ ಮೊದಲೇ ಕಾಯಿಲೆ ಪತ್ತೆಯಾದವರಿಗೆ ವರ್ಷಕ್ಕೊಮ್ಮೆ ಎಂಆರ್‌ಐ. ಕೆಲವು ಕಡೆ ಮ್ಯಾಮೊಗ್ರಾಮ್, ಎಂಆರ್‌ಐ ಎರಡನ್ನೂ ಒಟ್ಟಿಗೆ ಮಾಡಿ ಅಕ್ಕಪಕ್ಕ ಇಟ್ಟು ನೋಡುತ್ತಾರೆ, ಕೆಲವು ಕಡೆ ಆರು ತಿಂಗಳಿಗೊಂದರಂತೆ ಸರದಿ ಹಾಕುತ್ತಾರೆ.